ಬಿರುಕಿನೊಳಗಿನ ಕೆಂಪು

ಮೊನ್ನೆ ಬೀರು ಜಾಲಾಡುವಾಗ ಹಳೆಯ ಸಿ.ಡಿ.ಯೊಂದು ಸಿಕ್ಕಿತು. ಕಂಪ್ಯೂಟರಿಗೆ ಹಾಕಿದರೆ ಒಂದೇ ಚಿತ್ರ: ಬೂದು ಕಲ್ಲು, ಅದರ ಬಿರುಕುಗಳಲ್ಲಿ ಕೆಂಪು ಎಳೆಗಳು. ನಗು ಬಂತು, ಹಿಂದೆಯೇ ನಾಚಿಕೆಯೂ.

ಎರಡು ಸಾವಿರದ ಆಸುಪಾಸಿನ ಮಾತು. ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹಾಸನದ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದೆ. ಉತ್ತರದ ಕಡೆ ಬಿಸಿನೀರಿನ ಬುಗ್ಗೆಯ ಹತ್ತಿರ ನೆಲ ಕೊರೆಸುತ್ತಿದ್ದ ಗೆಳೆಯನೊಬ್ಬ, ಆಳದಿಂದ ತೆಗೆದ ದುಂಡು ಕೋಲಿನಂಥ ಕಲ್ಲುಗಳನ್ನು ಉದ್ದಕ್ಕೆ ಸೀಳಿಸಿ ಕಳಿಸಿದ್ದ. ಒಳಗಿನ ಬಿಸಿನೀರು ಯಾವ ಬಿರುಕಿನಲ್ಲಿ ಹರಿಯಬಲ್ಲದು ಎಂಬುದು ಅವನ ಪ್ರಶ್ನೆ. ನಮ್ಮಲ್ಲಿ ದೊಡ್ಡ ಯಂತ್ರ ಎಲ್ಲಿಂದ ಬರಬೇಕು? ಗುಮಾಸ್ತರು ಊಟಕ್ಕೆ ಹೋದ ಹೊತ್ತಿನಲ್ಲಿ ಆಫೀಸಿನ ಸ್ಕ್ಯಾನರ್ ಗಾಜಿನ ಮೇಲೆ ಕಲ್ಲು ಮಲಗಿಸಿ ಚಿತ್ರ ತೆಗೆಯುತ್ತಿದ್ದೆ. ಕೂದಲೆಳೆಯಂಥ ಬಿರುಕು ಪರದೆಯ ಮೇಲೆ ಕಾಲುವೆಯಷ್ಟು ಅಗಲವಾಗುತ್ತಿತ್ತು. ನೀವಾಗಿದ್ದರೂ ಊಟ ಮರೆಯುತ್ತಿದ್ದಿರಿ.

ಒಂದು ದಿನ ಆ ಕೆಂಪು ಕಂಡಿತು. ಬಿಸಿನೀರು ಬಿಟ್ಟುಹೋದ ಕಬ್ಬಿಣದ ತುಕ್ಕು, ಇನ್ನೇನಿರುತ್ತದೆ ಅಂದುಕೊಂಡೆ. ಕಂಪ್ಯೂಟರಿನಲ್ಲಿ ಕೆಂಪನ್ನಷ್ಟೇ ಬೇರ್ಪಡಿಸಿ, ಉಬ್ಬಿಹೋಗಿ ವರದಿ ಬರೆದೆ. ಅದನ್ನು ಕವರಿಗೆ ಹಾಕುತ್ತಿದ್ದಾಗ ಲ್ಯಾಬಿನ ಅಟೆಂಡರ್ ಬೋರೇಗೌಡರು ಪರದೆಯ ಮೇಲಿನ ಕೆಂಪನ್ನೇ ನೋಡುತ್ತ ಬಾಗಿಲಲ್ಲಿ ನಿಂತರು. ಅವರದು ಹಂಗಾಮಿ ಕೆಲಸ. ನನ್ನ ಕಲ್ಲು ಮುಟ್ಟಿದರೆ ತೆಗೆಸಿಬಿಡುತ್ತೇನೆಂದು ನಾನೇ ಒಮ್ಮೆ ಗದರಿಸಿದ್ದೆ.

"ಅದು ಕುಂಕುಮ ಕಣ್ ಸಾ," ಅಂದರು. "ಆಯುಧಪೂಜೆ ದಿನ ನಾನೇ ಇಟ್ಟಿದ್ದು. ನಿಮ್ಗೆ ಇವೇ ಅಲ್ವಾ ಆಯುಧ? ಆಮೇಲೆ ಎದ್ರಿಕಂಡು ನೀರಾಕಿ ತೊಳ್ದೆ. ಒಳಕ್ಕೆ ಇಳ್ಕಂಡ್ಬುಡ್ತು."

ಅವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬೈಯಲು ಬಾಯಿ ತೆರೆದವನು ಮತ್ತೆ ಪರದೆಯ ಕಡೆ ತಿರುಗಿದೆ. ತೊಳೆದ ನೀರು ಕುಂಕುಮವನ್ನು ಎಲ್ಲಿಗೆ ಒಯ್ದಿತ್ತು? ತೆರೆದಿದ್ದ ಬಿರುಕುಗಳಿಗೆ ಮಾತ್ರ. ಒಳಗೆ ಖನಿಜ ತುಂಬಿಕೊಂಡು ಮುಚ್ಚಿಹೋದವು ಬೂದಾಗಿಯೇ ಉಳಿದಿದ್ದವು. ತುಕ್ಕಲ್ಲ ನಿಜ, ಆದರೆ ಗೆಳೆಯ ಕೇಳಿದ್ದಕ್ಕೆ ಉತ್ತರ ಅಲ್ಲೇ ಇತ್ತು. ಇಬ್ಬರೂ ಸೇರಿ ಉಳಿದ ಕಲ್ಲುಗಳ ಮೇಲೂ ಕುಂಕುಮದ ನೀರು ಬಿಟ್ಟೆವು. ಪರದೆ ನೋಡಲು ಗೌಡರು ನನ್ನನ್ನೇ ಪಕ್ಕಕ್ಕೆ ಸರಿಸಿದರು.

ಹೊಸ ವರದಿಗೆ ಗೆಳೆಯ ಮೆಚ್ಚಿ ಪತ್ರ ಬರೆದ. ವರದಿಯಲ್ಲಿ ನಾನು ಕುಂಕುಮದ ವಿಷಯ ಮುಚ್ಚಿಟ್ಟಿರಲಿಲ್ಲ. ಆದರೆ ಈ ಉಪಾಯ ನನಗೇ ಹೊಳೆಯಿತು ಎಂದು ಬರೆದಿದ್ದೆ. ಮರುವರ್ಷ ಹಂಗಾಮಿಯವರನ್ನು ಬಿಡಿಸುವಾಗ, ಬೋರೇಗೌಡರಿಂದ ಲ್ಯಾಬಿಗೇನು ಉಪಯೋಗ ಎಂದು ಮೇಲಿನವರು ಕೇಳಿದರು. ತೋರಿಸಲು ನನ್ನ ಬಳಿ ಆ ವರದಿಯಿತ್ತು. ಅದರಲ್ಲಿ ಅವರ ಹೆಸರಿರಲಿಲ್ಲ. ನಾನು ಸುಮ್ಮನಿದ್ದೆ. ಅವರ ಕೆಲಸ ಹೋಯಿತು.

ವಿಚಾರಿಸಿದೆ, ಗೌಡರು ಈಗ ಸಾಲಗಾಮೆಯಲ್ಲಿದ್ದಾರಂತೆ. ನಾಳೆ ಬಸ್ಸು ಹತ್ತುತ್ತೇನೆ. ತಪ್ಪನ್ನು ಅವರು ನನ್ನೆದುರು ಒಪ್ಪಿಕೊಂಡಷ್ಟು ನೇರವಾಗಿ ಒಪ್ಪಿಕೊಳ್ಳಲು ನನ್ನಿಂದ ಆಗುತ್ತದೋ ಇಲ್ಲವೋ, ನೋಡಬೇಕು.