ಹೆಸರು ಸವೆದ ವೀರಗಲ್ಲು

ಭಾನುವಾರ ಕೋಳಿ ಕೂಗುವ ಮೊದಲೇ ಹುಣಸೂರಿನ ಜವಳಿ ಅಂಗಡಿ ಸಿದ್ದಮಲ್ಲಪ್ಪನವರು ಅಕ್ಕಿಹಿಟ್ಟಿನ ಡಬ್ಬಿ ಹಿಡಿದು ಬೀದಿಗಿಳಿದರೆ ಸಾಕು, ದರ್ಜಿ ಜಬ್ಬಾರನಿಗೆ ಹಾಸಿಗೆಯಲ್ಲೇ ಅಂಗಾಲು ತುರಿಸುತ್ತದೆ. “ಏಳ್ಲಾ ಜಬ್ಬಾರ, ಗಾವಡಗೆರೆ ತಾವ ಹೊಸ ಕಲ್ಲು ಸಿಕ್ಕೈತಂತೆ!” ಆ ಕಲ್ಲಿಗೆ ಆರುನೂರು ವರ್ಷವಾಗಿದ್ದರೂ ಅವರಿಗೆ ಅದು ಹೊಸದೇ. ಕಲ್ಲು ಕಾಣುವ ತನಕ ಜೊತೆಗೆ ಬಂದವರು ಬುತ್ತಿ ಬಿಚ್ಚುವಂತಿಲ್ಲ, ಬೀಡಿ ಹಚ್ಚುವಂತಿಲ್ಲ. ಜನ ಪಾಂಡವರ ಮನೆ ಎನ್ನುವ ಹಳೇ ಕಲ್ಲುಗೋರಿ ಪೊದೆಯಲ್ಲಿ ಕಂಡರೆ ಅರವತ್ತು ದಾಟಿದ ಈ ಯಜಮಾನರು ಪಂಚೆ ಎತ್ತಿ ಕಟ್ಟಿ ಓಡುತ್ತಾರೆ, ಒಳಗೆ ತೂರಿಕೊಂಡು, “ಬನ್ರೋ, ನಾಕು ಜನ ಮನೀಕಬೋದು!” ಎಂದು ಗೋರಿಯಿಂದಲೇ ಕೂಗುತ್ತಾರೆ. ವೀರಗಲ್ಲು ಸಿಕ್ಕರಂತೂ ನೆಂಟರು ಸಿಕ್ಕ ಹಾಗೆ. ಪಾಚಿ ಕೆರೆದು, ಅಕ್ಷರಗಳಿಗೆ ಹಿಟ್ಟು ತುಂಬಿ, ಕಾದಿ ಸತ್ತವನ ಹೆಸರು ಬೆಳ್ಳಗೆ ಎದ್ದು ಬಂದೊಡನೆ ಹೊಲದವರಿಗೆಲ್ಲ ಕೇಳುವಂತೆ ಓದುತ್ತಾರೆ. ಹೆಸರು ಸವೆದುಹೋದ ಕಲ್ಲಿನ ಮುಂದೆ ಮಾತ್ರ ಚಪ್ಪಲಿ ಬಿಟ್ಟು, ಕೈಮುಗಿದು, ಸುಮ್ಮನೆ ನಿಲ್ಲುತ್ತಾರೆ. ಗಾವಡಗೆರೆಯ ಆ ಹೊಸ ಕಲ್ಲೂ ಅಂಥದ್ದೇ. ಜಬ್ಬಾರ ಕೇಳಿಯೇಬಿಟ್ಟ: “ಹೆಸರೇ ಇಲ್ವಲ್ಲ ಯಜಮಾನ್ರೇ, ಇದಕ್ಯಾಕೆ ಕೈ ಮುಗೀತೀರಿ?” ಬರ್ಮಾ ಯುದ್ಧಕ್ಕೆ ಹೋದ ಮಗನನ್ನು ಮತ್ತೆ ಕಾಣದ ಸಿದ್ದಮಲ್ಲಪ್ಪನವರು ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತಿದರು. “ಹೆಸರಿದ್ರೆ ಅವನು ಬೇರೆಯೋರ ಮಗ ಕಣ್ಲಾ. ಇಲ್ದಿದ್ರೆ ನಮ್ಮುಡ್ಗ ಅನ್ಕಬೋದಲ್ವಾ?”