ಬಾಣಂತಿ ಕೋಣೆಯ ಕೆಂಡ

ಆಂಟಿಯದು ಇಳಕಲ್ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್. ತೋಳು ಎಷ್ಟು ಉದ್ದವೆಂದರೆ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಮಾತಾಡುವಾಗ ಮೊಣಕೈವರೆಗೆ ಸರಿಸಿಕೊಳ್ಳುವರು, ಮಾತು ಮುಗಿಯುವಷ್ಟರಲ್ಲಿ ಮತ್ತೆ ಜಾರಿರುತ್ತಿತ್ತು. ಚಳಿಗಾಲವಿಡೀ ಮೂಗಿನ ತುದಿ ಕೆಂಪು. ಡಾಲಸ್ ಪಕ್ಕದ ಇರ್ವಿಂಗ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯ ಈ ಆಂಟಿ ಧಾರವಾಡದವರು, ಮಗನ ಜೊತೆಗಿದ್ದರು. ಎಂಥ ಚಳಿಯಲ್ಲೂ ಮಲಗುವ ಕೋಣೆಯ ಕಿಟಕಿಯನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. “ಊರಿಗೆಲ್ಲಾ ನಮ್ಮ ಹೀಟರೇ ಏನವ್ವಾ?” ಎಂದು ಮಗ ರೇಗಿಸಿದರೆ, “ಗಾಳಿ ಬರಲಿ ಬಿಡೋ” ಎನ್ನುವರು. ಬೇರೆಯವರ ಮನೆಗೆ ಬಂದರೂ ಅಷ್ಟೇ, ಕೂರುವ ಮೊದಲೇ ಕೈ ಕಿಟಕಿಗೆ ಹೋಗುತ್ತಿತ್ತು. ನನಗೆ ಇದು ಶುದ್ಧ ಅಧಿಕಪ್ರಸಂಗವೆನಿಸುತ್ತಿತ್ತು.

2013ರ ಚಳಿಗಾಲದಲ್ಲಿ ನನ್ನ ಮಗಳು ಹುಟ್ಟಿದಳು. ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಿದ್ದಳು. ಮಗು ಇನ್ನೂ ಹಸುಗೂಸು, ಆಗಲೇ ಡಾಲಸ್ ಸುತ್ತಮುತ್ತ ಮಂಜುಗಡ್ಡೆಯ ಬಿರುಗಾಳಿ ಬಂತು. ಬಿದ್ದ ಮಳೆ ಬಿದ್ದಲ್ಲೇ ಗಟ್ಟಿಯಾಗಿ ರಸ್ತೆಗಳೆಲ್ಲ ಬಂದ್ ಆದವು. ಕೆಲಸದ ಮೇಲೆ ಆಸ್ಟಿನ್‌ಗೆ ಹೋಗಿದ್ದ ನನ್ನ ಗಂಡ ಅಲ್ಲೇ ಸಿಕ್ಕಿಹಾಕಿಕೊಂಡ. ಮರದ ಕೊಂಬೆಗಳು ತಂತಿಯ ಮೇಲೆ ಮುರಿದುಬಿದ್ದು ಕರೆಂಟೂ ಹೋಯಿತು. ಹೀಟರು, ಒಲೆ ಎಲ್ಲವೂ ಕರೆಂಟಿನದೇ.

“ಹಸಿ ಬಾಣಂತಿ ನೀನು, ಶೀತ ಹೊಡೆದ್ರೆ ಗತಿಯೇನೇ?” ಎಂದು ಅಮ್ಮ ಒದ್ದಾಡಿದಳು. ಬಾಲ್ಕನಿಯಲ್ಲಿ ಬಾರ್ಬೆಕ್ಯೂಗೆಂದು ಇಟ್ಟಿದ್ದ ಇದ್ದಿಲನ್ನು ಅಲ್ಲೇ ಹೊತ್ತಿಸಿ, ಕೆಂಡವನ್ನು ಬಾಣಲೆಗೆ ತುಂಬಿ ನನ್ನ ಕೋಣೆಗೆ ತಂದಿಟ್ಟಳು. ಮೇಲೆ ಸಾಂಬ್ರಾಣಿ ಉದುರಿಸಿದಳು. ಕಿಟಕಿಯ ಸಂದಿಗೆ ಸೀರೆ ತುರುಕಿ ಬಾಗಿಲು ಹಾಕಿದಳು. ನಮ್ಮ ಕಡೆಯ ಬಾಣಂತಿ ಕೋಣೆಯೆಂದರೆ ಹಾಗೇ ಅಲ್ಲವೇ, ನನಗೂ ಹಿತವಾಯಿತು. ತಲೆ ಭಾರವಾಗಿದ್ದು ಆಯಾಸದಿಂದ ಎಂದುಕೊಂಡೆ.

“ನೋಡು, ಬೆಚ್ಚಗಾದ್ಮೇಲೆ ಮಗು ಎಷ್ಟು ಚೆನ್ನಾಗಿ ಮಲಗಿದೆ,” ಎಂದಳು ಅಮ್ಮ.

ಮಧ್ಯಾಹ್ನ ನಮ್ಮನ್ನು ವಿಚಾರಿಸಲು ಆಂಟಿ ಕಂಬಿ ಹಿಡಿದು ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಾಂಬ್ರಾಣಿಯ ವಾಸನೆ ಬಡಿದದ್ದೇ ತಡ, ಅಮ್ಮನನ್ನು ಸರಿಸಿ ಕೋಣೆಗೆ ನುಗ್ಗಿದರು. “ಏಳವಾ! ಎಲ್ಲಾರೂ ಹೊರಗ ನಡೀರಿ!” ಮಗುವನ್ನು ಜಾಕೆಟ್ಟಿನೊಳಗೆ ಸೇರಿಸಿಕೊಂಡು ಬಾಗಿಲಾಚೆ ಆ ಕೊರೆಯುವ ಗಾಳಿಗೆ ಓಡಿದರು. ನಾನು ಗೋಡೆ ಹಿಡಿದು ಹಿಂದೆ ಹೋದೆ. ಆಂಟಿ ಮಗುವಿನ ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತಿದ್ದರು. ಅದು ಅಳಲಿಲ್ಲ. ಮತ್ತೆ ಹೊಡೆದರು. ಕೊನೆಗೆ ಕ್ಷೀಣವಾಗಿ ಅತ್ತಿತು. ಆಮೇಲೆ ಆಂಬುಲೆನ್ಸ್‌ಗೆ ಫೋನ್ ಮಾಡಿದರು, ಬಾಣಲೆಯನ್ನು ಬಾಲ್ಕನಿಗೆ ಸಾಗಿಸಿದರು, ಕಿಟಕಿಗಳನ್ನೆಲ್ಲ ತೆರೆದರು.

“ನಿಮಗೆ ಬುದ್ಧಿ ಇದ್ಯೇನ್ರೀ?” ಅಮ್ಮ ಕೂಗಾಡಿದಳು. “ನಮ್ಮನೇಲಿ ಎಲ್ಲಾ ಬಾಣಂತನಕ್ಕೂ ಕೆಂಡ ಹಾಕಿದೀವಿ!”

“ಊರಾಗಿನ ಮನಿಗೆ ಹೆಂಚು ಇರ್ತಾವ್ರಿ, ಸಂದಿ ಇರ್ತಾವು. ಇದು ಮುಚ್ಚಿದ ಡಬ್ಬಿ,” ಎಂದಷ್ಟೇ ಹೇಳಿ ಆಂಟಿ ನಮ್ಮನ್ನು ತಮ್ಮ ಮನೆಗೆ ಕರೆದೊಯ್ದರು. ಮಗುವನ್ನು ನನ್ನ ಎದೆಗೆ ಮೈಗೆ ಮೈ ತಾಗುವಂತೆ ಒತ್ತಿ, ಮೇಲೆ ಸ್ವೆಟರು, ಅದರ ಮೇಲೆ ಕಂಬಳಿ ಹೊದಿಸಿದರು. “ಮೈಯಾಗಿನ ಕಾವು ಸಾಕವಾ.”

ಅಮ್ಮ ಬಟ್ಟೆ ತರಲು ಮೇಲೆ ಹೋದಾಗ ಆಂಟಿ ನನ್ನ ಪಕ್ಕ ಕೂತರು.

“ನನ್ನ ಬಾಣಂತನದಾಗ ನಮ್ಮದು ಹೊಸಾ ಆರ್‌ಸಿಸಿ ಕ್ವಾರ್ಟರ್ಸ್ ಇತ್ತು. ಥಂಡಿ ಅಂತ ನಮ್ಮವ್ವ ಕೆಂಡ ಇಟ್ಟು ಬಾಗಲಾ ಹಾಕಿದ್ಲು. ಮುಂಜಾನೆ ನಾ ಎದ್ದೆ. ಕೂಸು ಏಳಲಿಲ್ಲ. ದೃಷ್ಟಿ ತಾಕ್ತು ಅಂದ್ಲು ಅವ್ವ, ನಾನೂ ನಂಬಿದೆ. ಇಲ್ಲಿಗೆ ಬಂದ ಮ್ಯಾಲೆ ಮಗ ಗೋಡಿಗೆ ಅಲಾರಂ ಹಚ್ಚಿದ. ಯಾತಕ್ಕೋ ಇದು ಅಂದೆ. ಇದ್ದಲಿ ಉರದ್ರ ವಾಸನಿ ಇಲ್ಲದ ವಿಷಾ ಬರ್ತದ, ಮಲಗಿದವರು ಮಲಗೇ ಹೋಗ್ತಾರ ಅಂದ. ಅಷ್ಟೊತ್ತಿಗೆ ಅವ್ವ ತೀರಿಕೊಂಡಿದ್ಲು. ಛಲೋ ಆತು, ತಿಳೀಲಾರದ ಹೋದ್ಲು.”

ಜಾರಿದ ಕಂಬಳಿಯನ್ನು ಸರಿಪಡಿಸಿ ಹೇಳಿದರು: “ನಿಮ್ಮವ್ವಗ ಹೇಳಬ್ಯಾಡ. ಕೆಂಡ ಒಳಗ ತರಬಾರದು ಅಂತ ಮಾತ್ರ ಹೇಳು. ತನ್ನ ಕೈಲೆ ಏನಾಗತಿತ್ತು ಅಂತ ತಿಳದ್ರ ಆಕಿ ಮತ್ತ ಕೂಸಿಗೆ ಕೈ ಹಚ್ಚಂಗಿಲ್ಲ.”

ಆಂಬುಲೆನ್ಸ್ ತಡವಾಗಿ, ತೆವಳಿಕೊಂಡು ಬಂತು. ಆ ಕೋಣೆಯಲ್ಲಿ ಇನ್ನು ಸ್ವಲ್ಪ ಹೊತ್ತಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು ಬಂದವರು. ಅವರ ಇಂಗ್ಲಿಷ್ ಅಮ್ಮನಿಗೆ ತಿಳಿಯಲಿಲ್ಲ. “ಏನಂತೆ?” ಎಂದಳು. “ಮಗೂಗೆ ಹೊಗೆ ಆಗಲ್ವಂತಮ್ಮ, ಕೆಂಡ ಒಳಗೆ ತರಲೇಬಾರದಂತೆ,” ಎಂದೆ. ನಮ್ಮನ್ನು ಆಸ್ಪತ್ರೆಗೆ ಸೇರಿಸಿದರು.

ಅಮ್ಮ ತನ್ನದೇ ಲೆಕ್ಕ ಹಾಕಿಕೊಂಡಳು: ಆಂಟಿ ಮಗುವನ್ನು ಗಾಳಿಗೆ ಒಡ್ಡಿದ್ದರಿಂದಲೇ ಅದು ಆಸ್ಪತ್ರೆ ಸೇರಿತು. ಆಮೇಲೆ ಆಂಟಿ ಬಂದರೆ ಮುಖ ತಿರುಗಿಸುವಳು, ಒಂದು ಲೋಟ ಕಾಫಿಯನ್ನೂ ಕೊಡುತ್ತಿರಲಿಲ್ಲ. ಆಂಟಿ ಮಗುವನ್ನು ದೂರದಿಂದಲೇ ನೋಡಿ, ನನ್ನತ್ತ ನಕ್ಕು ಇಳಿದುಹೋಗುತ್ತಿದ್ದರು. ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಆಂಟಿ ಕಾಯಿಲೆಯಾಗಿ ತೀರಿಕೊಂಡರು. ಫೋನಿನಲ್ಲಿ ಹೇಳಿದಾಗ ಅಮ್ಮ, “ಪಾಪ,” ಎಂದಳು. ಆಮೇಲೆ, “ಆದ್ರೂ ಆವತ್ತು ಮಗೂನ ಆ ಚಳೀಲಿ ನಿಲ್ಲಿಸಿದ್ರಲ್ಲ, ಅದನ್ನ ಮಾತ್ರ ನಾನು ಮರೆಯಲ್ಲ.” ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಹೋದ ವರ್ಷ ಅಮ್ಮನೂ ಹೋದಳು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಬಂದಾಗಲೆಲ್ಲ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೆತ್ತಿಗೆ ಎಣ್ಣೆ ತಟ್ಟುತ್ತಾ, ಅಮ್ಮ ಆಂಟಿಯನ್ನು ಬೈಯುತ್ತಿದ್ದಳು. ಬೈಗುಳ ತಮ್ಮ ಪಾಲಿಗೇ ಬರುತ್ತದೆಂದು ಗೊತ್ತಿದ್ದೇ ಆಂಟಿ ನನ್ನ ಬಾಯಿ ಕಟ್ಟಿದ್ದರು.