ಓಟಿನ ಕಿತ್ತಳೆ

ಅವಳ ಕೈಗೆ ಏನು ಸಿಕ್ಕಿದರೂ ಅದು ಮೂರು ಪಾಲಾಗುತ್ತಿತ್ತು. ದೊಡ್ಡದು, ನಡುವಿನದು, ಚಿಕ್ಕದು. ಮನೆಯಲ್ಲಿ ಈರುಳ್ಳಿ ಹಾಗೇ, ಹೊಲಿಗೆ ಡಬ್ಬಿಯ ಗುಂಡಿಗಳೂ ಹಾಗೇ. ಪಂಪು ರಿಪೇರಿ ಮಾಡುವ ಗಂಡ ನಟ್ಟು ಬೋಲ್ಟುಗಳನ್ನು ನೆಲಕ್ಕೆ ಸುರಿದು ನೀರು ಕುಡಿಯಲು ಎದ್ದುಹೋದರೆ, ಬರುವಷ್ಟರಲ್ಲಿ ಮೂರು ಗುಡ್ಡೆ ಆಗಿರುತ್ತಿದ್ದವು. "ನನ್ನನ್ನೂ ಯಾವುದಾದ್ರೂ ಗುಡ್ಡೆಗೆ ಹಾಕಿಬಿಡೇ" ಎಂದು ಅವನು ನಗುತ್ತಿದ್ದ. "ಹಾಕಾಯ್ತು, ಚಿಕ್ಕದಕ್ಕೆ" ಎನ್ನುವಳು ಇವಳು.

ಊರವರು ಕರೆಯುತ್ತಿದ್ದುದು ಕಣ್ಣಳತೆಯಕ್ಕ ಎಂದು. ಹತ್ತೊಂಬತ್ತನೆಯ ವಯಸ್ಸಿಗೆ ಸೊಸೆಯಾಗಿ ಬಂದವಳನ್ನು ಅತ್ತೆ ಮೂರನೆಯ ದಿನವೇ ಹಣ್ಣು ಬೆಳೆಗಾರರ ಸಂಘದ ಶೆಡ್ಡಿಗೆ ಕರೆದೊಯ್ದು, ಉದ್ದನೆಯ ಮರದ ಮೇಜಿನ ಮುಂದೆ ತನ್ನ ಪಕ್ಕ ನಿಲ್ಲಿಸಿಕೊಂಡಿದ್ದಳು. ಅತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಇವಳು ನಿಂತು ಮೂವತ್ತೊಂದು ವರ್ಷ. ಕಿತ್ತಳೆ ಎಡಗೈಗೆ ಬರಬೇಕು, ಒಂದು ಸುತ್ತು ತಿರುಗಬೇಕು, ಬಲಗೈಯಿಂದ ಕ್ರೇಟಿಗೆ ಹೋಗಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಮೇಜಿನ ಸುತ್ತ ಇವಳೂ ಸೇರಿ ನಾಲ್ಕು ಜನ ಹೆಂಗಸರು.

ಸಂಘದಲ್ಲಿ ಓಟು ಹಾಕುವ ರೀತಿಯೇ ಬೇರೆ. ಮುಂದಿನ ವರ್ಷ ಸರ್ಕಾರದ ಮುಂದೆ ಮೊದಲು ಏನನ್ನು ಕೇಳಬೇಕು ಎಂದು ತೀರ್ಮಾನಿಸಲು ಪ್ರತಿ ವರ್ಷವೂ ಒಂದು ಸಭೆ. ಹಿಂದೆ ಓದುಬರಹ ಬಾರದ ಬೆಳೆಗಾರರೇ ಹೆಚ್ಚಿದ್ದರಿಂದ ಚೀಟಿಯ ಬದಲು ಹಣ್ಣು ಬಂತು. ಒಂದೊಂದು ಬೇಡಿಕೆಗೆ ಒಂದೊಂದು ಚಿಕ್ಕ ಕ್ರೇಟು. ಪ್ರತಿ ಸದಸ್ಯ ತನ್ನ ತೋಟದ ಒಂದು ಹಣ್ಣು ತಂದು ತನಗೆ ಬೇಕಾದ ಕ್ರೇಟಿಗೆ ಹಾಕಿ ಹೋಗಬೇಕು. ಈಗ ಎಲ್ಲರಿಗೂ ಓದಲು ಬರುತ್ತದೆ. ಆದರೂ ಹಣ್ಣು ನಿಂತಿಲ್ಲ.

ಈ ವರ್ಷ ಬೇಡಿಕೆಗಳು ಮೂರು. ಹಣ್ಣು ವಿಂಗಡಿಸುವ ಮಷಿನ್ನು, ಶೆಡ್ಡಿನವರೆಗೆ ಗಟ್ಟಿ ರಸ್ತೆ, ಹಣ್ಣು ಕೆಡದಂತೆ ಇಡಲು ತಣ್ಣನೆಯ ಕೋಣೆ.

ಮಷಿನ್ನು ಎಂಬ ಮಾತು ಕಿವಿಗೆ ಬಿದ್ದ ದಿನದಿಂದ ಕಣ್ಣಳತೆಯಕ್ಕನ ಮನಸ್ಸು ಸರಿಯಿರಲಿಲ್ಲ. ಅದು ಬಂದರೆ ಮೇಜು ಹೋಗುತ್ತದೆ, ಮೇಜು ಹೋದರೆ ತಾನು ಯಾರು? ಒಂದು ಕಡೆ ಹೀಗೆ. ಇನ್ನೊಂದು ಕಡೆ ಸಿಪ್ಪೆಯ ಎಣ್ಣೆಗೆ ಬೆರಳ ತುದಿಗಳು ಬಿರಿದು, ಮಂಡಿಗಳು ಮೆಟ್ಟಿಲು ಕಂಡರೆ ಹೆದರುವ ಹಾಗಾಗಿದ್ದವು. ಬರಲಿ ಬಿಡು ಅನ್ನಿಸುತ್ತಿತ್ತು. ಮರುಗಳಿಗೆ ಬರದಿರಲಿ ಅನ್ನಿಸುತ್ತಿತ್ತು. ಗಂಡನನ್ನು ಕೇಳಿದರೆ, "ನಿಂಗೇನು ಬೇಕು ಅದನ್ನ ಮೊದಲು ಹೇಳು" ಅಂದ. ಅದು ಗೊತ್ತಿದ್ದರೆ ಅವನನ್ನು ಯಾಕೆ ಕೇಳುತ್ತಿದ್ದಳು?

ಸಭೆಯ ದಿನ ಬಂತು. ಸಭೆಯ ಕೋಣೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಮೂರು ಕ್ರೇಟುಗಳನ್ನು ಶೆಡ್ಡಿನ ಮೇಜಿನ ಮೇಲೆಯೇ ಇಟ್ಟಿದ್ದರು. ಬೇಡಿಕೆ ಬರೆದ ಕಾಗದಗಳನ್ನು ಮುಂಬಾಗಿಲಿನವರಿಗೆ ಕಾಣುವಂತೆ ಆಚೆ ಮಗ್ಗುಲಿಗೆ ಅಂಟಿಸಿದ್ದರು. ನಲವತ್ತೊಂದು ಜನ ಹಣ್ಣು ಹಾಕಿ, ಅಂಗಳದಲ್ಲಿ ಚಹಾ ಕುಡಿಯಲು ಹೋದರು. ಆ ಹೊತ್ತಿಗೆ ಕಣ್ಣಳತೆಯಕ್ಕ ಹಿಂಬಾಗಿಲಿನಿಂದ ಒಳಗೆ ಬಂದಳು. ಮೇಜಿನ ಮೇಲೆ ದೊಡ್ಡದು ಚಿಕ್ಕದು ಕಲಸಿಹೋದ ಮೂರು ಕ್ರೇಟು. ಸೆರಗು ಸಿಕ್ಕಿಸಿಕೊಂಡಳು. ಎಡಗೈಗೆ ಒಂದು ಹಣ್ಣು ಬಂತು, ತಿರುಗಿತು, ಬಲಗೈಯಿಂದ ಹೋಯಿತು.

ಅಧ್ಯಕ್ಷರು ಚಹಾ ಮುಗಿಸಿ ಬಂದು ಎಣಿಸಿದರು. "ಮಷಿನ್ನಿಗೆ ಒಂಬತ್ತು. ರಸ್ತೆಗೆ ಇಪ್ಪತ್ತೆರಡು. ತಣ್ಣನೆ ಕೋಣೆಗೆ ಹತ್ತು. ಗುಮಾಸ್ತ್ರೇ, ಬರ್ಕೊಳ್ಳಿ."

ಕಾಲುವೆ ಪಕ್ಕದ ತೋಟದವನು ಮುಂದೆ ಬಂದು ಕ್ರೇಟಿಗೆ ಇಣುಕಿದ. ಅವನ ಹಣ್ಣು ಮಗುವಿನ ತಲೆಯಷ್ಟಿರುತ್ತದೆ, ಗುರುತು ತಪ್ಪುವಂತಿಲ್ಲ. "ಇದು ನಂದು. ನಾನು ಕೋಣೆಗೆ ಹಾಕಿದ್ದೆ, ಮಷಿನ್ನಿನಲ್ಲಿ ಬಂದು ಹ್ಯಾಗೆ ಕೂತ್ಕೊಂಡಿತು?"

ದಿಣ್ಣೆ ತೋಟದವನು ಇನ್ನೊಂದು ಕ್ರೇಟಿನಿಂದ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಒಂದನ್ನು ಎತ್ತಿ ಹಿಡಿದ. "ನಂದು ಕೋಣೆಗೆ ಹೋಗಿದೆ. ಬಿಸಿಲು ತಡೀಲಿಲ್ಲ ಅಂತ ಕಾಣುತ್ತೆ."

"ನಿಂದು ಕಿತ್ತಳೆನೇ ಅಲ್ಲ, ಗೋಲಿ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಗುಮಾಸ್ತರು ಮಾತ್ರ ನಗಲಿಲ್ಲ. ಮೂರು ಕ್ರೇಟುಗಳನ್ನೂ ನೋಡಿದರು, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. "ದೊಡ್ಡವೆಲ್ಲ ಒಂದ್ಕಡೆ, ಚಿಕ್ಕವೆಲ್ಲ ಒಂದ್ಕಡೆ ಇವೆಯಲ್ರೀ" ಎಂದರು.

ನಲವತ್ತೊಂದು ಮುಖಗಳೂ ಒಟ್ಟಿಗೆ ಕಣ್ಣಳತೆಯಕ್ಕನ ಕಡೆ ತಿರುಗಿದವು. ಅವಳ ಕೈಯಲ್ಲಿ ಇನ್ನೂ ಹಣ್ಣು ಒರೆಸುವ ಬಟ್ಟೆ ಇತ್ತು.

"ನೋಡಮ್ಮ," ಅಧ್ಯಕ್ಷರು ಮೆಲ್ಲಗೆ ಕೇಳಿದರು, "ಇವು ಓಟು ಅಂತ ನಿಂಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಅನ್ಸುತ್ತೆ."

"ಗೊತ್ತಿದ್ದೂ ಮಾಡಿದೆಯಾ?"

"ಮಾಡೋವಾಗ ಗೊತ್ತಿತ್ತೋ ಇಲ್ವೋ ಅನ್ನೋದು ಗೊತ್ತಿಲ್ಲ, ಅಧ್ಯಕ್ಷರೇ."

"ಮಷಿನ್ ಬಂದ್ರೆ ಯಾರಿಗೆ ನಷ್ಟ ಅಂತ ಎಲ್ರಿಗೂ ಗೊತ್ತು" ಎಂದು ಕಾಲುವೆ ಪಕ್ಕದವನು ಗೋಡೆಗೆ ಹೇಳುವಂತೆ ಹೇಳಿದ.

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲಿಟ್ಟಳು. ಕೈ ತಾನಾಗಿ ಮಾಡಿತು ಅನ್ನುವುದು ನಿಜ. ಆದರೆ ಇದೇ ದಿನ, ಇದೇ ಮೂರು ಕ್ರೇಟಿಗೆ, ಯಾರೂ ಹೇಳದೆ ಆ ಕೈ ಯಾಕೆ ಹೋಯಿತು? ಕೈಯನ್ನು ಕೇಳುವುದು ಹೇಗೆ? ಸೆರಗಿನಲ್ಲಿ ಬೆರಳುಗಳನ್ನು ಸುತ್ತಿಕೊಂಡು ನಿಂತಳು. ಮೂವತ್ತೊಂದು ವರ್ಷದಲ್ಲಿ ಒಬ್ಬರ ಹಣ್ಣನ್ನು ಇನ್ನೊಬ್ಬರ ಲೆಕ್ಕಕ್ಕೆ ಹಾಕಿದವಳಲ್ಲ. ಕೆಲಸ ಹೋದರೆ ಹೇಗೋ ಆದೀತು. ಕಳ್ಳಗೈ ಅನ್ನಿಸಿಕೊಂಡು ಈ ಬಾಗಿಲು ದಾಟುವುದು ಹೇಗೆ?

ಗುಮಾಸ್ತರು ಗಡಿಯಾರ ನೋಡಿದರು. ನಾಲ್ಕರ ಬಸ್ಸಿಗೆ ಅವರು ಪತ್ರ ಹಿಡಿದು ಹೊರಡಬೇಕು. ಇಲಾಖೆಗೆ ಪತ್ರ ತಲುಪಿಸಲು ಇವತ್ತೇ ಕೊನೆಯ ದಿನ.

"ಯಾರದು ಯಾವುದು ಅಂತ ನಾನು ಹೇಳ್ತೀನಿ" ಎಂದಳು ಕಣ್ಣಳತೆಯಕ್ಕ. "ವಾಪಸ್ ಇಸ್ಕೊಂಡು ಮತ್ತೆ ಹಾಕಿ."

ಹೇಳಿದಂತೆಯೇ ಮಾಡಿದಳು. ದಿಣ್ಣೆಯ ಹಣ್ಣಿಗೆ ಸಿಪ್ಪೆ ದಪ್ಪ, ಕಾಲುವೆಯದಕ್ಕೆ ನುಣುಪು. ಒಬ್ಬನು ಕತ್ತರಿಯಿಂದ ತೊಟ್ಟು ಬಿಟ್ಟು ಕೊಯ್ಯುತ್ತಾನೆ, ಇನ್ನೊಬ್ಬನು ತಿರುಚಿ ಕಿತ್ತು ನೆತ್ತಿಯಲ್ಲಿ ತೂತು ಮಾಡುತ್ತಾನೆ. ಒಂದೊಂದಾಗಿ ಎತ್ತಿ ಒಡೆಯನ ಕೈಗಿಟ್ಟಳು. ತೋಟವನ್ನು ಪಾಲು ಮಾಡಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರ ಎರಡು ಹಣ್ಣುಗಳ ಬಳಿ ಮಾತ್ರ ತಡೆದಳು. "ನೀವಿಬ್ರೂ ಯಾವುದಾದ್ರೂ ತಗೊಳ್ಳಿ. ಒಂದೇ ಮರದ ಹಾಗಿದಾವೆ." ಇಬ್ಬರೂ ಕೈ ಚಾಚಿದರು, ಇಬ್ಬರೂ ಹಿಂದೆಗೆದರು.

ಮತ್ತೆ ಓಟು ನಡೆಯಿತು. ಈ ಸಲ ಚಹಾ ಇಲ್ಲ, ಮರೆ ಇಲ್ಲ. ಮೇಜಿನ ಆಚೆ ಕಣ್ಣಳತೆಯಕ್ಕ, ಈಚೆ ಸಾಲಾಗಿ ಬೆಳೆಗಾರರು. ಮಷಿನ್ನಿನ ಕ್ರೇಟಿನ ಹತ್ತಿರ ಬಂದವರ ಕೈ ಒಂದು ಗಳಿಗೆ ತೂಗಾಡಿ ಪಕ್ಕಕ್ಕೆ ಹೋಗುತ್ತಿತ್ತು. ಅಧ್ಯಕ್ಷರು ಎಣಿಸಿದರು. ಮಷಿನ್ನಿಗೆ ಮೂರು, ರಸ್ತೆಗೆ ಇಪ್ಪತ್ತೈದು, ಕೋಣೆಗೆ ಹದಿಮೂರು.

"ಸರಿ, ರಸ್ತೆ" ಎಂದರು. ಗುಮಾಸ್ತರು ಕಾಗದ ಎಳೆದುಕೊಂಡರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮೇಜೂ ಉಳಿಯುತ್ತಿತ್ತು. ಆದರೆ ಮುಂಬಾಗಿಲ ಕಡೆಯ ಮಗ್ಗುಲಿಗೆ ಬಂದು ಅವಳು ಈಗಷ್ಟೇ ಕ್ರೇಟುಗಳ ಕಾಗದಗಳನ್ನು ಓದಿದ್ದಳು.

"ಅಧ್ಯಕ್ಷರೇ, ಅದು ಸರಿಯಿಲ್ಲ" ಎಂದಳು. "ನಾನು ಕೈ ಹಾಕೋವಾಗ ಈ ಮೊದಲ್ನೇ ಕ್ರೇಟು ತುಂಬಿ ತುಳುಕ್ತಿತ್ತು. ಎರಡು ಹಣ್ಣು ಉರುಳಿದ್ವು, ಹೊಟ್ಟೆ ಕೊಟ್ಟು ತಡೆದೆ. ಅದು ಮಷಿನ್ದು."

ಅಧ್ಯಕ್ಷರು ತಲೆ ಕೆರೆದುಕೊಂಡರು. "ಇದನ್ನ ಯಾಕಮ್ಮ ಹೇಳ್ತಿದೀಯ? ನಿಂಗೆ ಮಷಿನ್ ಬೇಕಾ, ಬೇಡ್ವಾ?"

"ಅದು ನಂಗೆ ಗೊತ್ತಿಲ್ಲ. ತುಂಬಿತ್ತು, ಅಷ್ಟು ಗೊತ್ತು."

ದಿಣ್ಣೆ ತೋಟದವನು ಕೆಮ್ಮಿದ. ಮುಂದೆ ಬಂದು ರಸ್ತೆಯ ಕ್ರೇಟಿನಿಂದ ತನ್ನ ಪುಟ್ಟ ಹಣ್ಣನ್ನು ಹುಡುಕಿ ತೆಗೆದು ಮಷಿನ್ನಿನ ಕ್ರೇಟಿಗೆ ಹಾಕಿದ. "ಮೊದಲು ಇಲ್ಲೇ ಹಾಕಿದ್ದೆ ಅಕ್ಕ. ನೀನು ಎದುರಿಗೆ ನಿಂತಿದ್ಯಲ್ಲ, ಕೈ ಬರಲಿಲ್ಲ. ಸುಗ್ಗೀಲಿ ನನ್ನ ಹಣ್ಣು ಆರು ದಿನ ನಿಮ್ಮ ಮೇಜಿಗೆ ಕಾಯ್ಕೊಂಡು ಕೊಳೀತದೆ. ಏನು ಮಾಡ್ಲಿ?"

ಅವನ ಹಿಂದೆ ಇನ್ನೊಬ್ಬ. ಆಮೇಲೆ ಮತ್ತೊಬ್ಬ. ಅವಳ ಮುಖ ನೋಡದೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಹಣ್ಣು ಬದಲಿಸಿದರು. ಮಾತು ಬಿಟ್ಟ ಅಣ್ಣತಮ್ಮಂದಿರು ಒಟ್ಟಿಗೆ ಬಂದು ಒಂದೇ ಹಣ್ಣಿಗೆ ಕೈ ಹಾಕಿದರು. ಕೊನೆಯಲ್ಲಿ ಮಷಿನ್ನಿಗೆ ಇಪ್ಪತ್ತಮೂರು, ರಸ್ತೆಗೆ ಹನ್ನೊಂದು, ಕೋಣೆಗೆ ಏಳು. ಕಾಲುವೆ ಪಕ್ಕದವನು ಹಣ್ಣನ್ನು ಕೋಣೆಯಲ್ಲೇ ಬಿಟ್ಟು ಅವಳ ಹತ್ತಿರ ಬಂದ. "ಆಗ ಅಂದದ್ದು ಮನಸ್ಸಿಗೆ ಹಚ್ಕೋಬೇಡ" ಎಂದ. ಅವಳು ತಲೆಯಾಡಿಸಿದಳು. ಹಚ್ಚಿಕೊಳ್ಳಬೇಕೋ ಬಿಡಬೇಕೋ ಅವಳಿಗಿನ್ನೂ ತೋಚಿರಲಿಲ್ಲ.

ಗುಮಾಸ್ತರು ಪತ್ರ ಬರೆಯಲು ಕುಳಿತರು. "ಮೊದಲನೇ ಬೇಡಿಕೆ, ವಿಂಗಡಿಸುವ ಯಂತ್ರ. ಅದನ್ನ ನಡೆಸೋಕೆ ಬೇಕಾದ ಜನ..." ಕಂಪನಿಯವರು ಕೊಟ್ಟ ಬಣ್ಣದ ಹಾಳೆ ತಿರುವಿದರು. "ಇಬ್ಬರು."

"ಒಳ್ಳೇದಾಯ್ತು" ಎಂದರು ಅಧ್ಯಕ್ಷರು, ಭಾರ ಇಳಿದವರ ಹಾಗೆ. "ಇಬ್ರನ್ನ ಇಟ್ಕೋಬಹುದು. ನಿಮ್ಮ ನಾಲ್ವರಲ್ಲಿ ಯಾರು ಅಂತ ನೀನೇ ಆರಿಸಿಬಿಡಮ್ಮ. ನಿನ್ನಂಥ ಕಣ್ಣು ಇನ್ಯಾರಿಗಿದೆ?"

ಬಾಗಿಲ ಬಳಿ ಉಳಿದ ಮೂವರು ನಿಂತಿದ್ದರು. ಒಬ್ಬಳು ಬಸುರಿ. ಒಬ್ಬಳು ಇವಳ ನಾದಿನಿ. ಇನ್ನೊಬ್ಬಳಿಗೆ ಕಿವಿ ಮಂದ, ಇಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯದೆ ಇವಳನ್ನು ನೋಡಿ ನಕ್ಕಳು. ಕಣ್ಣಳತೆಯಕ್ಕ ಒಂದು ಸಲ ನೋಡಿದಳು, ಇನ್ನೊಂದು ಸಲ ನೋಡಿದಳು. ಹಣ್ಣಾಗಿದ್ದರೆ ಅಷ್ಟರಲ್ಲಿ ನೂರು ದಾಟಿರುತ್ತಿದ್ದವು.

"ನಾಲ್ಕು ಅಂತ ಬರೀರಿ" ಎಂದಳು.

"ಮಷಿನ್ನಿಗೆ ಇಬ್ಬರು ಸಾಕಂತೆ ಕಣಮ್ಮ" ಎಂದರು ಗುಮಾಸ್ತರು.

"ನಡೆಸೋಕೆ ನಾಲ್ಕು ಜನ ಬೇಕಾಗೋ ಮಷಿನ್ ಕೊಡಿ ಅಂತ ಕೇಳಿ. ಹ್ಯಾಗೂ ಕೇಳೋದೇ ತಾನೆ?"

"ಅಂಥ ಮಷಿನ್ ಇದೆಯೇನ್ರೀ?" ಅಧ್ಯಕ್ಷರು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಕಾಲುವೆ ಪಕ್ಕದವನನ್ನು ನೋಡಿದರು. ಅವನು ದಿಣ್ಣೆ ತೋಟದವನ ಕಡೆ ತಿರುಗಿದ. ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗಿತ್ತು.

"ಬರೀರಿ ಮತ್ತೆ" ಎಂದರು ಅಧ್ಯಕ್ಷರು.

ಗುಮಾಸ್ತರು ಬರೆದರು. ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ. ಅವಳು ಅವರ ಹೆಗಲ ಹಿಂದೆ ನಿಂತು, ಎರಡನ್ನೂ ಬೆರಳಿಟ್ಟು ಓದಿದ ಮೇಲೆಯೇ ಪತ್ರವನ್ನು ಮಡಿಸಲು ಬಿಟ್ಟಳು.